ನಳಿಗೆಯ ಅಡಿಯಲ್ಲಿರುವ ಬರಹ: ಹಳೆಯ ಯುರೋಪಿಯನ್ ಬೇಟೆಕೋವಿಯ ಗುರುತು ಮತ್ತು ಬೆಲೆ

ಹಳೆಯ ವಿದೇಶಿ ರೈಫಲ್ ಒಂದು ಮನೆಯಲ್ಲಿದ್ದರೆ ಅದನ್ನು ‘ಮೌಸರ್’ ಎಂದು ಕರೆದು ಸುಮ್ಮನಾಗುವುದು ರೂಢಿ. ಜರ್ಮನಿಯ ಒಂದು ಕಾರ್ಖಾನೆಯ ಹೆಸರು ಹೀಗೆ ಒಂದು ಬಗೆಯ ಕೋವಿಗೇ ಅಂಕಿತವಾಗಿ ನಿಂತಿದೆ. ಆದರೆ ಗುರುತಿಸುವ ಮತ್ತು ಬೆಲೆ ಕಟ್ಟುವ ಕೆಲಸಕ್ಕೆ ಈ ಹೆಸರು ಸಾಲುವುದಿಲ್ಲ. ಓಬರ್ನ್‌ಡಾರ್ಫ್‌ನ ಮೂಲ ಕಾರ್ಖಾನೆಯಲ್ಲೇ ಬೇಟೆಗೆಂದು ತಯಾರಾದದ್ದು, ಲಂಡನ್ನಿನ ಪ್ರತಿಷ್ಠಿತ ಅಂಗಡಿಯೊಂದು ಅದೇ ಕಾರ್ಖಾನೆಯ ಭಾಗಗಳಿಂದ ಕಟ್ಟಿದ್ದು, ಮಹಾಯುದ್ಧ ಮುಗಿದ ಮೇಲೆ ಸೈನಿಕನ ಬಂದೂಕನ್ನು ಕತ್ತರಿಸಿ ಬೇಟೆಕೋವಿಯ ರೂಪ ಕೊಟ್ಟದ್ದು, ಈ ಮೂರನ್ನೂ ಮೌಸರ್ ಎಂದು ಕರೆಯಬಹುದು. ಗೋಡೆಗೆ ಒರಗಿಸಿಟ್ಟಾಗ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಆದರೆ ಮಾರುಕಟ್ಟೆಯಲ್ಲಿ ಅವುಗಳ ನಡುವೆ ಹತ್ತಾರು ಪಟ್ಟು ಅಂತರ ಬರಬಹುದು. ಆ ಅಂತರದ ಕಾರಣ ಬಹುಪಾಲು ಮೇಲೆ ಕಾಣುವ ಹೆಸರಿನಲ್ಲಿರುವುದಿಲ್ಲ. ಮರದ ಮರೆಯಲ್ಲಿ, ನಳಿಗೆಯ ಅಡಿಯಲ್ಲಿ ಒತ್ತಿದ ಸಣ್ಣ ಮುದ್ರೆಗಳಲ್ಲಿ ಇರುತ್ತದೆ.

ಈ ಮೂರರಲ್ಲೂ ಇರುವ ಬೋಲ್ಟ್ ಆಕ್ಷನ್ ಎಂದರೆ ಏನೆಂದು ತಿಳಿಯಲು ಹಳೆಯ ಬಾಗಿಲಿನ ಚಿಲಕವನ್ನು ನೆನಪಿಸಿಕೊಂಡರೆ ಸಾಕು. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಚಿಲಕ ತೆರೆದು ಸುಟ್ಟ ತೋಟೆಯ ಖಾಲಿ ಕೊಳವೆ ಹೊರಬೀಳುತ್ತದೆ. ಮುಂದಕ್ಕೆ ದೂಡಿ ಹಿಡಿಯನ್ನು ಕೆಳಕ್ಕೆ ಇಳಿಸಿದರೆ ಹೊಸ ತೋಟೆ ಒಳಸೇರಿ ಚಿಲಕ ಬೀಳುತ್ತದೆ. ಪೌಲ್ ಮೌಸರ್ ಅವರ ವಿನ್ಯಾಸವನ್ನು 1898ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡಿತು. ಆ ‘ಮಾದರಿ 98’ರ ಬೋಲ್ಟಿನ ಮುಂತುದಿಯಲ್ಲಿ ಅದನ್ನು ಬಿಗಿಯಾಗಿ ಲಾಕ್ ಮಾಡುವ ಎರಡು ದಪ್ಪ ಕಿವಿಗಳಿವೆ, ಅವು ಕೈಕೊಟ್ಟರೆ ಸುರಕ್ಷತೆಗೆಂದು ಹಿಂಬದಿಯಲ್ಲಿ ಮೂರನೆಯದೊಂದಿದೆ, ಪಕ್ಕದಲ್ಲಿ ತೋಟೆಯ ಅಂಚನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದೇ ಇರುವ ಉದ್ದನೆಯ ಉಕ್ಕಿನ ಪಟ್ಟಿಯಿದೆ. ಮುಂದೆ ಬಂದ ಬೇಟೆ ರೈಫಲ್‌ಗಳಲ್ಲಿ ಬಹಳಷ್ಟು ಇದರ ಮಕ್ಕಳು, ಮೊಮ್ಮಕ್ಕಳು. ಹಾಗಾಗಿ ಬೋಲ್ಟ್ ನೋಡಿ ‘ಇದು 98ರ ವಂಶ’ ಎನ್ನುವುದು ಸುಲಭ, ಯಾರ ಮನೆಯ ಮಗು ಎನ್ನುವುದು ಕಷ್ಟ.

ಪರಿಶೀಲನೆಯ ಮೊದಲ ಹೆಜ್ಜೆ ಎಂದರೆ ಬೋಲ್ಟ್ ಹೊರತೆಗೆದು, ಮ್ಯಾಗಜಿನ್ನಿನಲ್ಲಾಗಲಿ ನಳಿಗೆಯ ಬುಡದ ಗೂಡಿನಲ್ಲಾಗಲಿ ತೋಟೆಯಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದು. ಅರ್ಧ ಶತಮಾನ ಮೂಲೆಯಲ್ಲಿ ನಿಂತಿದ್ದ ಕೋವಿಯೂ ತುಂಬಿದ ಸ್ಥಿತಿಯಲ್ಲೇ ಇರುವುದುಂಟು. ಅದಾದ ಮೇಲೆ ಕಾರ್ಖಾನೆಯ ವಿಳಾಸ ಓದಬೇಕು, ಏಕೆಂದರೆ ವಿಳಾಸವೇ ಅರ್ಧ ಪಂಚಾಂಗ. ಓಬರ್ನ್‌ಡಾರ್ಫ್‌ನ ಕಂಪನಿ 1922ರವರೆಗೆ ‘ವಾಫೆನ್‌ಫಾಬ್ರಿಕ್ ಮೌಸರ್’ ಎಂದೂ ಆಮೇಲೆ ‘ಮೌಸರ್ ವೆರ್ಕೆ’ ಎಂದೂ ಹೆಸರು ಒತ್ತುತ್ತಿತ್ತು. ಆಸ್ಟ್ರಿಯಾದ ಷ್ಟಾಯರ್ ಪಟ್ಟಣದ ಕಾರ್ಖಾನೆ 1926ರವರೆಗೆ ‘ಆಸ್ಟ್ರಿಯನ್ ಆಯುಧ ಕಾರ್ಖಾನೆ ಸಂಘ’ ಎಂಬರ್ಥದ ಉದ್ದನೆಯ ಜರ್ಮನ್ ಹೆಸರನ್ನು ಹೊತ್ತಿತ್ತು, ಅನಂತರ ‘ಷ್ಟಾಯರ್ ವೆರ್ಕೆ’ ಆಯಿತು, 1934ರ ವಿಲೀನದ ಬಳಿಕ ‘ಷ್ಟಾಯರ್-ಡೈಮ್ಲರ್-ಪುಖ್’ ಆಯಿತು. ಕ್ರಮಸಂಖ್ಯೆಯ ಪಟ್ಟಿ ಕೈಗೆ ಸಿಗದಿದ್ದರೂ ಈ ಒಂದು ಸಾಲಿನಿಂದಲೇ ಕೋವಿಯ ಕಾಲವನ್ನು ಹತ್ತು ಹದಿನೈದು ವರ್ಷಗಳ ಮಿತಿಯೊಳಗೆ ತಂದು ನಿಲ್ಲಿಸಬಹುದು.

ನಿಜವಾದ ಬರಹ ಸಿಗಬೇಕಾದರೆ ಮರವನ್ನು ಬಿಚ್ಚಬೇಕು. ಅನುಭವಿ ಕೋವಿ ರಿಪೇರಿಯವರು ಸರಿಯಾದ ಅಗಲದ ತಿರುಪುಳಿಯಿಂದ ಅಡಿಯ ಎರಡು ಮುಖ್ಯ ತಿರುಪುಗಳನ್ನು ಸಡಿಲಿಸಿ ಕಬ್ಬಿಣದ ಭಾಗವನ್ನು ಮೇಲೆತ್ತಿದಾಗ, ಅಡಿಮಗುಚಿದ ನಳಿಗೆಯ ಹೊಟ್ಟೆಯ ಮೇಲೆ ಗಾಳಿ ಬೆಳಕು ಕಾಣದೆ ಉಳಿದ ಹೊಳಪಿನ ನಡುವೆ ಸಾಲಾಗಿ ಸಣ್ಣ ಕಿರೀಟಗಳು ಕಾಣುತ್ತವೆ. ಇವು ಜರ್ಮನಿಯ ಪರೀಕ್ಷಾ ಮುದ್ರೆಗಳು. 1891ರ ಕಾನೂನಿನಿಂದ ಬಂದ ಈ ಪದ್ಧತಿಯಲ್ಲಿ ಕಿರೀಟದ ಕೆಳಗೆ ‘ಬಿ’ ಇದ್ದರೆ ಹೆಚ್ಚಿನ ಒತ್ತಡದ ತೋಟೆ ಹಾರಿಸಿ ಪರೀಕ್ಷಿಸಿದ್ದಾರೆ ಎಂದರ್ಥ, ‘ಯು’ ಇದ್ದರೆ ಪರೀಕ್ಷೆಯ ಬಳಿಕ ಅಧಿಕಾರಿ ಕಣ್ಣಾರೆ ನೋಡಿದ್ದಾರೆ ಎಂದರ್ಥ, ‘ಜಿ’ ಇದ್ದರೆ ನಳಿಗೆಯೊಳಗೆ ತಿರುಪು ಗೆರೆಗಳಿವೆ ಎಂದರ್ಥ. ‘ಎನ್’ ಹೊಗೆರಹಿತ ನೈಟ್ರೋ ಮದ್ದಿನದು. ಕಿರೀಟದ ಬದಲು ಹದ್ದು ಕಂಡರೆ ಅದು 1939ರ ಹೊಸ ಕಾನೂನಿನ ನಂತರದ ಪರೀಕ್ಷೆ. ಮೊದಲ ಮಹಾಯುದ್ಧದ ಹೊತ್ತಿನಿಂದ ಈಚಿನ ಹಲವು ನಳಿಗೆಗಳ ಮೇಲೆ ಪರೀಕ್ಷೆಯ ತಿಂಗಳು ಮತ್ತು ವರ್ಷವೇ ಒತ್ತಿರುತ್ತದೆ. ‘7.24’ ಎಂದಿದ್ದರೆ 1924ರ ಜುಲೈ.

ಅದೇ ಹೊಟ್ಟೆಯ ಮೇಲೆ ಕೆಲವೊಮ್ಮೆ ‘172,28’ ಎಂಬಂಥ ಅಂಕಿ ಇರುತ್ತದೆ. ಅನೇಕರು ಇದನ್ನು ಕ್ರಮಸಂಖ್ಯೆ ಎಂದೋ ಮಾದರಿಯ ಸಂಖ್ಯೆ ಎಂದೋ ತಿಳಿದು ದಾರಿ ತಪ್ಪುತ್ತಾರೆ. ಮಲೆನಾಡಿನವರಿಗೆ ‘ಹನ್ನೆರಡು ಬೋರಿನ ಕೋವಿ’ ಗೊತ್ತು. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದೊಂದು ಉಂಡೆಯೂ ಆ ನಳಿಗೆಗೆ ಸರಿಹೊಂದುತ್ತದೆ ಎಂಬುದೇ ಆ ‘ಹನ್ನೆರಡು’. 172,28 ಎನ್ನುವುದು ಅದೇ ಲೆಕ್ಕ. ಯುರೋಪಿನವರು ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ, ಅಷ್ಟೇ. ಒಂದು ಪೌಂಡಿಗೆ 172.28 ಉಂಡೆ ಎಂದರೆ ಒಂದೊಂದರ ಅಡ್ಡಳತೆ ಸುಮಾರು 7.62 ಮಿಲಿಮೀಟರ್. ಆ ಅಳತೆಯ ಉಕ್ಕಿನ ಕಡ್ಡಿ ನಳಿಗೆಯೊಳಗೆ ಹೋಯಿತು, ಅದಕ್ಕಿಂತ ಒಂದು ಮೆಟ್ಟಿಲು ದಪ್ಪದ್ದು ಹೋಗಲಿಲ್ಲ ಎಂದು ಪರೀಕ್ಷಕರು ಬರೆದಿಟ್ಟ ದಾಖಲೆಯಿದು. 8 ಮಿಲಿಮೀಟರ್ ವರ್ಗದ ಹಳೆಯ ನಳಿಗೆಗಳಲ್ಲಿ ಈ ಅಂಕಿ ಸಾಮಾನ್ಯ, 9 ಮಿಲಿಮೀಟರಿನವುಗಳಲ್ಲಿ ‘118,35’ ಕಾಣುತ್ತದೆ. ಇದರ ಪಕ್ಕದಲ್ಲಿ ಪರೀಕ್ಷೆಗೆ ಹಾಕಿದ ಮದ್ದಿನ ತೂಕ ಮತ್ತು ‘14,7’ ಗ್ರಾಂ ಉಕ್ಕಿನ ಹೊದಿಕೆಯ ಗುಂಡಿನ ತೂಕ ಕೂಡ ಇದ್ದರೆ ಅದು ಆ ಕಾಲದ 8×57 (8 ಮಿಲಿಮೀಟರ್ ವರ್ಗದ ನಳಿಗೆ, 57 ಮಿಲಿಮೀಟರ್ ಉದ್ದದ ತೋಟೆಯ ಕೊಳವೆ) ತೋಟೆಯ ಕಡೆಗೆ ಬೆರಳು ತೋರಿಸುತ್ತದೆ.

ಇಷ್ಟು ವಿವರವಾಗಿ ಇದನ್ನು ಹೇಳುವುದಕ್ಕೆ ಕಾರಣವಿದೆ. ‘8×57’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ. 1888ರ ಮೂಲ ತೋಟೆಯ ಗುಂಡು ಸುಮಾರು 8.08 ಮಿಲಿಮೀಟರ್, 1905ರಲ್ಲಿ ಸೇನೆ ಬದಲಾಯಿಸಿಕೊಂಡ ‘ಎಸ್’ ಗುಂಡು ಸುಮಾರು 8.22 ಮಿಲಿಮೀಟರ್. ಸೇನೆ ಬದಲಾದರೂ ಬೇಟೆ ರೈಫಲ್ ಮಾಡುವವರು ಎರಡನೆಯ ಮಹಾಯುದ್ಧದ ತನಕ ಹಳೆಯ ಕಿರಿದಾದ ನಳಿಗೆಯನ್ನೂ ಮಾಡುತ್ತಲೇ ಇದ್ದರು. ಕೂದಲೆಳೆಯಷ್ಟೇ ವ್ಯತ್ಯಾಸವಾದರೂ ದೊಡ್ಡ ಗುಂಡನ್ನು ಕಿರಿದಾದ ನಳಿಗೆಗೆ ತುರುಕಿದರೆ ಒತ್ತಡ ಅಪಾಯಕಾರಿಯಾಗಿ ಏರುತ್ತದೆ. ಹಳೆಯದನ್ನು ‘ಐ’ ಎಂದೂ ಹೊಸದನ್ನು ‘ಐಎಸ್’ ಎಂದೂ ಗುರುತಿಸುತ್ತಾರೆ. ಹಳೆಯ ಜರ್ಮನ್ ಲಿಪಿಯಲ್ಲಿ ‘ಐ’ ಅಕ್ಷರ ‘ಜೆ’ಯಂತೆ ಕಾಣುವುದರಿಂದ ‘ಜೆ’, ‘ಜೆಎಸ್’ ಎಂಬ ಹೆಸರುಗಳೂ ಬಳಕೆಗೆ ಬಂದವು. ಮುದ್ರೆ ಅಳಿಸಿಹೋಗಿದ್ದರೆ ಮೆತ್ತನೆಯ ಸೀಸದ ತುಂಡನ್ನು ನಳಿಗೆಯ ಮೂಲಕ ನಿಧಾನವಾಗಿ ದೂಡಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದೇ ದಾರಿ. ಗೂಡಿನ ಆಕಾರ ತಿಳಿಯಲು ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹವನ್ನು ಎರಕ ಹೊಯ್ದು ತೆಗೆಯುತ್ತಾರೆ. 6.5 ಮಿಲಿಮೀಟರ್ ವರ್ಗದಲ್ಲೂ ಇದೇ ಗೊಂದಲ. 6.5×54 ಎಂಬ ಹೆಸರಿನಲ್ಲಿ ಮಾನ್ಲಿಖರ್-ಶೋನಾವರ್ ತೋಟೆಯೊಂದು, ಗಿಡ್ಡ ಮೌಸರ್‌ಗೆ ಮಾಡಿದ ತೋಟೆಯೊಂದು ಇದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತಿಲ್ಲ. ಯಾವ ತೋಟೆಯೆಂದು ಖಚಿತವಾಗದ ಕೋವಿಗೆ ನನ್ನ ಮಟ್ಟಿಗೆ ಬೆಲೆಯೇ ನಿಗದಿಯಾಗುವುದಿಲ್ಲ. ಕೊಳ್ಳುವವರಿಗೆ ಅದು ಏನೆಂದೇ ಹೇಳಲಾಗದ ವಸ್ತು.

ಮುದ್ರೆಗಳಿಂದ ದೇಶವೂ ತಿಳಿಯುತ್ತದೆ. ಅಂಡಾಕಾರದೊಳಗೆ ‘ಇ-ಎಲ್-ಜಿ’ ಎಂದಿದ್ದರೆ ಬೆಲ್ಜಿಯಮ್ಮಿನ ಲಿಯೇಜ್. ಕಿರೀಟದಡಿಯಲ್ಲಿ ಹೆಣೆದುಕೊಂಡ ‘ಜಿಪಿ’ ಇದ್ದರೆ ಲಂಡನ್, ‘ಬಿಪಿ’ ಇದ್ದರೆ ಬರ್ಮಿಂಗ್‌ಹ್ಯಾಮ್. ‘ಎನ್‌ಪಿವಿ’ ವಿಯೆನ್ನಾದ ನೈಟ್ರೋ ಪರೀಕ್ಷೆ, ‘ಎನ್‌ಪಿಎಫ್’ ಆಸ್ಟ್ರಿಯಾದ ಫೆರ್ಲಾಖ್‌ನದು. ಒಂದೇ ಕೋವಿಯಲ್ಲಿ ಎರಡು ದೇಶಗಳ ಮುದ್ರೆಗಳಿದ್ದರೆ ಅನುಮಾನ ಪಡಬೇಕಾಗಿಲ್ಲ, ಕುತೂಹಲ ಪಡಬೇಕು. ಲಂಡನ್ನಿನ ಜಾನ್ ರಿಗ್ಬಿ ಕಂಪನಿ 1912ರವರೆಗೆ ಬ್ರಿಟನ್ನಿನಲ್ಲಿ ಮೌಸರ್‌ನ ಪ್ರತಿನಿಧಿಯಾಗಿತ್ತು, ಜರ್ಮನಿಯಿಂದ ತರಿಸಿದ ಭಾಗಗಳ ಮೇಲೆ ತನ್ನ ರೈಫಲ್‌ಗಳನ್ನು ಕಟ್ಟುತ್ತಿತ್ತು. 7×57 ಮೌಸರ್ ತೋಟೆಯನ್ನೇ ರಿಗ್ಬಿ ‘.275’ ಎಂದು ಇಂಚಿನ ಲೆಕ್ಕದಲ್ಲಿ ಹೆಸರಿಸಿ ಮಾರಿತು. ಹಾಗಾಗಿ ಅಸಲಿ ರಿಗ್ಬಿಯಲ್ಲಿ ಓಬರ್ನ್‌ಡಾರ್ಫ್‌ನ ಸಂಖ್ಯೆ ಒಂದು ಕಡೆ, ರಿಗ್ಬಿಯ ಸ್ವಂತ ಸಂಖ್ಯೆ ಇನ್ನೊಂದು ಕಡೆ ಇರಬಹುದು. 1911ರಲ್ಲಿ ಅದೇ ಕಂಪನಿ ತಂದ .416 ತೋಟೆಗೆ ಮೌಸರ್‌ನ ಉದ್ದನೆಯ ‘ಮ್ಯಾಗ್ನಮ್’ ಆಕ್ಷನ್ ಬೇಕಾಗಿತ್ತು. ಅಂಥವು ವಿರಳ, ಮೂಲಸ್ಥಿತಿಯಲ್ಲಿದ್ದರೆ ಈ ವರ್ಗದಲ್ಲೇ ಅತಿ ಹೆಚ್ಚಿನ ಬೆಲೆ ಪಡೆಯುವವುಗಳಲ್ಲಿ ಸೇರುತ್ತವೆ.

ಮೌಸರ್ ಕಾರ್ಖಾನೆಯ ಸ್ವಂತ ಬೇಟೆ ಮಾದರಿಗಳಿಗೆ ಅಕ್ಷರದ ಹೆಸರುಗಳಿದ್ದವು. ‘ಬಿ’ ಎಲ್ಲಕ್ಕಿಂತ ಸಾಮಾನ್ಯ, ‘ಎ’ ಇಂಗ್ಲಿಷರ ಅಭಿರುಚಿಗೆ ಮಾಡಿದ್ದು, ‘ಸಿ’ ಅಗ್ಗದ್ದು, ‘ಎಂ’ ಮತ್ತು ‘ಎಸ್’ ನಳಿಗೆಯ ತುದಿಯವರೆಗೂ ಮರ ಹೊದಿಸಿದ ಗಿಡ್ಡ ಕೋವಿಗಳು. ಇವುಗಳ ಜೊತೆಗೆ ಜರ್ಮನಿಯ ಝೂಲ್ ಪಟ್ಟಣದ ಸಣ್ಣ ಕಾರ್ಯಾಗಾರಗಳು ಮೌಸರ್ ಆಕ್ಷನ್ ಕೊಂಡು ಕಟ್ಟಿದ ರೈಫಲ್‌ಗಳಿವೆ. ಇವುಗಳ ಮೇಲೆ ಅನೇಕ ಸಲ ಯಾವ ತಯಾರಕರ ಹೆಸರೂ ಇರುವುದಿಲ್ಲ, ಇದ್ದರೂ ಮಾರಿದ ಅಂಗಡಿಯ ಹೆಸರಷ್ಟೇ ಇರುತ್ತದೆ. ಹೆಸರಿಲ್ಲವೆಂದು ಇವನ್ನು ಕೀಳಾಗಿ ಕಾಣುವುದು ಅನ್ಯಾಯ. ಕೆತ್ತನೆ, ಮರದ ಜೋಡಣೆ, ಟ್ರಿಗರಿನ ನಯ ಇವುಗಳಲ್ಲಿ ಕೆಲವು ಕಾರ್ಖಾನೆಯ ಕೋವಿಯನ್ನು ಮೀರಿಸುತ್ತವೆ.

ಸೇನೆಯ ಬಂದೂಕಿನಿಂದ ಮಾರ್ಪಟ್ಟದ್ದನ್ನು ಪತ್ತೆಹಚ್ಚುವುದು ತಾಳ್ಮೆಯ ಕೆಲಸ. ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಾದ ರಿಸೀವರಿನ ಮೇಲೆ ಉಜ್ಜಿ ಅಳಿಸಿದ ರಾಜಮುದ್ರೆಯ ನೆರಳು, ಅಲ್ಲಿ ಮಾತ್ರ ಲೋಹ ತುಸು ತಗ್ಗಿರುವುದು, ಬೋಲ್ಟ್, ರಿಸೀವರ್ ಮತ್ತು ಅಡಿತಟ್ಟೆಯ ಸಂಖ್ಯೆಗಳು ಒಂದಕ್ಕೊಂದು ಹೊಂದದಿರುವುದು, ಸೈನಿಕನ ಬಂದೂಕಿನ ಮೆಟ್ಟಿಲುಮೆಟ್ಟಿಲಾದ ನಳಿಗೆ, ಇವು ಸುಳಿವುಗಳು. ತೋಟೆಗಳನ್ನು ಸಾಲಾಗಿ ಹಿಡಿದ ಲೋಹದ ಪಟ್ಟಿಯಿಂದ ತುಂಬುವಾಗ ಹೆಬ್ಬೆರಳು ಇಳಿಯಲೆಂದು ರಿಸೀವರಿನ ಎಡಗೋಡೆಯಲ್ಲಿ ಕೊರೆದ ತಗ್ಗನ್ನೂ ಸೇನೆಯ ಗುರುತೆಂದು ಹೇಳುವುದುಂಟು, ಆದರೆ ಕೆಲವು ಕಾರ್ಖಾನೆ ಬೇಟೆಕೋವಿಗಳಲ್ಲೂ ಅದಿದೆ. ಅದೊಂದನ್ನೇ ನಂಬಿ ತೀರ್ಪು ಕೊಡಬಾರದು. ಮಾರ್ಪಡಿಸಿದ ಕೋವಿ ಬಳಕೆಗೆ ಚೆನ್ನಾಗಿಯೇ ಇರಬಹುದು. ಸಂಗ್ರಾಹಕರಿಗೆ ಮಾತ್ರ ಅದು ಸೇನೆಯ ಬಂದೂಕಾಗಿಯೂ ಉಳಿದಿಲ್ಲ, ಕಾರ್ಖಾನೆಯ ಬೇಟೆಕೋವಿಯೂ ಆಗಿಲ್ಲ. ಹಾಗಾಗಿಯೇ ಬೆಲೆ ಕುಸಿಯುತ್ತದೆ.

ಮೂಲಸ್ಥಿತಿ ಎಂಬ ಮಾತಿನ ಅರ್ಥ ತಿಳಿಯಲು ಮಾನ್ಲಿಖರ್-ಶೋನಾವರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫರ್ಡಿನಾಂಡ್ ಮಾನ್ಲಿಖರ್ ಮತ್ತು ಓಟ್ಟೋ ಶೋನಾವರ್ ಇಬ್ಬರ ಹೆಸರನ್ನು ಹೊತ್ತ ಈ ರೈಫಲ್ ಷ್ಟಾಯರ್‌ನಲ್ಲಿ ತಯಾರಾಗುತ್ತಿತ್ತು. 1903ರ ವಿನ್ಯಾಸವನ್ನು ಗ್ರೀಸ್ ತನ್ನ ಸೇನೆಗೆ ಆರಿಸಿಕೊಂಡಿತು; ಅದೇ 6.5×54 ತೋಟೆಯ ಗಿಡ್ಡ ಬೇಟೆಕೋವಿ ಯುರೋಪಿನ ಬೆಟ್ಟಗಳಿಂದ ಆಫ್ರಿಕಾದವರೆಗೆ ಹೆಸರು ಮಾಡಿತು. ನಳಿಗೆ ಸುಮಾರು 45 ಸೆಂಟಿಮೀಟರ್ ಮಾತ್ರ, ಮರ ಮೂತಿಯವರೆಗೆ ಹೊದ್ದಿದೆ, ಬೋಲ್ಟಿನ ಹಿಡಿ ಬೆಣ್ಣೆ ಸವರುವ ಚಾಕುವಿನಂತೆ ಚಪ್ಪಟೆ. ಬೋಲ್ಟನ್ನು ಹಿಂದಕ್ಕೆ ಎಳೆದಾಗ ಹಿಡಿ ರಿಸೀವರಿನ ಹಿಂಭಾಗದಲ್ಲಿ ಸೇತುವೆಯಂತೆ ಅಡ್ಡವಿರುವ ಭಾಗದ ನಡುವಿನ ಸೀಳಿನ ಮೂಲಕ ಜಾರುತ್ತದೆ. ಹೊಸಬರು ಮೊದಲ ಸಲ ಎಳೆದಾಗ ಏನೋ ಸಡಿಲವಾಗಿದೆ ಎಂದುಕೊಳ್ಳುವಷ್ಟು ನುಣುಪು. ಒಳಗಿರುವ ಮ್ಯಾಗಜಿನ್ ಪೆಟ್ಟಿಗೆಯಲ್ಲ, ಸುರುಳಿ ಸ್ಪ್ರಿಂಗಿನ ಬಲದಿಂದ ತಿರುಗುವ ಉರುಳೆ. ಐದು ತೋಟೆಗಳು ಒಂದೊಂದಾಗಿ ಉರುಳೆಯ ತೋಡುಗಳಲ್ಲಿ ಕುಳಿತು ಸುತ್ತುತ್ತವೆ, ಗುಂಡಿಯೊಂದನ್ನು ಒತ್ತಿದರೆ ಎಲ್ಲವೂ ಅಂಗೈಗೆ ಚಿಮ್ಮಿ ಬರುತ್ತವೆ. ಆ ಉರುಳೆಯ ತೋಡುಗಳನ್ನು ಒಂದೇ ಒಂದು ಜಾತಿಯ ತೋಟೆಯ ಮೈಕಟ್ಟಿಗೆ ತಕ್ಕಂತೆ ಕಡೆದಿರುತ್ತಾರೆ. 1905ರ ಮಾದರಿಗೆ 9×56, 1908ಕ್ಕೆ 8×56, 1910ಕ್ಕೆ 9.5×57 ಹೀಗೆ ತೋಟೆ ಬದಲಾದಂತೆ ಉರುಳೆಯೂ ಬದಲಾಯಿತು. ಯಾರೋ ನಳಿಗೆ ಬದಲಿಸಿ ಬೇರೆ ತೋಟೆಗೆ ಅಳವಡಿಸಿದ್ದರೆ ಉರುಳೆ ಮುಗ್ಗರಿಸಿ ಗುಟ್ಟು ಬಿಟ್ಟುಕೊಡುತ್ತದೆ.

ದೂರದರ್ಶಕ ಕೂರಿಸುವುದಕ್ಕೆ ಈ ಸೀಳುಸೇತುವೆ ಅಡ್ಡಿಯಾಗಿತ್ತು. ಆ ಕಾಲದ ಕುಶಲಕರ್ಮಿಗಳು ಪ್ರತಿ ಕೋವಿಗೂ ಪ್ರತ್ಯೇಕವಾಗಿ ಅರದಿಂದ ಉಜ್ಜಿ ಹೊಂದಿಸಿದ ಉಗುರುಗಳಂಥ ಕೊಂಡಿಗಳಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ವಿಯೆನ್ನಾದ ಕಾಲೆಸ್ ಅಥವಾ ಜರ್ಮನಿಯ ಝೈಸ್ ದೂರದರ್ಶಕ ಅದೇ ಕೊಂಡಿಗಳಲ್ಲಿ, ಕೋವಿಯ ಸಂಖ್ಯೆಯನ್ನೇ ಹೊತ್ತು ಉಳಿದಿದ್ದರೆ ಬೆಲೆ ಏರುತ್ತದೆ. ಅದರ ಬದಲು ಐವತ್ತು ವರ್ಷಗಳ ಹಿಂದೆ ಯಾರೋ ರಿಸೀವರಿಗೆ ನಾಲ್ಕು ತೂತು ಕೊರೆದು ಹೊಸ ಕೊಂಡಿ ಹಾಕಿದ್ದರೆ ಆ ತೂತುಗಳು ಬೆಲೆಯಲ್ಲೂ ತೂತು ಕೊರೆದಿರುತ್ತವೆ. ಹಿಂಬದಿಯ ಉಕ್ಕಿನ ತಟ್ಟೆಯ ಮುಚ್ಚಳ ತೆರೆದಾಗ ಶುಚಿಗೊಳಿಸುವ ಕಡ್ಡಿಯ ತುಂಡುಗಳು ಇನ್ನೂ ಒಳಗೇ ಇದ್ದರೆ, ಮಾಲೀಕರು ಕೋವಿಯನ್ನು ಜೋಪಾನವಾಗಿ ನೋಡಿಕೊಂಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ನಳಿಗೆಯ ಒಳಗನ್ನು ಬೆಳಕಿಗೆ ಹಿಡಿದು ನೋಡದೆ ಬೆಲೆಯ ಮಾತಾಡಬಾರದು. ಹಳೆಯ ತೋಟೆಗಳ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಉಪ್ಪಿನಂಥ ಶೇಷವನ್ನು ಬಿಡುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಹಚ್ಚಿದರೆ ಸಾಲದು, ಉಪ್ಪನ್ನು ಕರಗಿಸಲು ನೀರೇ ಬೇಕು. ಇದು ತಿಳಿಯದೆ ಎಷ್ಟೋ ಒಳ್ಳೆಯ ನಳಿಗೆಗಳು ಒಳಗಿನಿಂದ ಹಾಳಾದವು. ಜರ್ಮನಿಯ ಆರ್‌ಡಬ್ಲ್ಯುಎಸ್ ಕಂಪನಿ 1920ರ ದಶಕದ ಕೊನೆಗೆ ತುಕ್ಕು ಹಿಡಿಸದ ‘ಸಿನಾಕ್ಸಿಡ್’ ಕೇಪನ್ನು ತಂದಿತಾದರೂ ಹಳೆಯ ತೋಟೆಗಳ ಬಳಕೆ ಒಮ್ಮೆಲೇ ನಿಲ್ಲಲಿಲ್ಲ. ನಮ್ಮ ಮಳೆಗಾಲದಲ್ಲಿ ಈ ಹಾನಿ ಇನ್ನೂ ಬೇಗ ಆಗುತ್ತದೆ.

ಮಾರುವ ಮೊದಲು ಕೋವಿಗೆ ‘ಹೊಸ ಕಳೆ’ ಕೊಡಿಸುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಪಾಲಿಶ್ ಚಕ್ರ ತಾಗಿದೊಡನೆ ಮುದ್ರೆಗಳ ಅಂಚು ಮಾಸುತ್ತದೆ, ಕೆತ್ತನೆ ಮೊಂಡಾಗುತ್ತದೆ, ಚೂಪಾದ ಮೂಲೆಗಳು ದುಂಡಗಾಗುತ್ತವೆ. ಅದರ ಮೇಲೆ ಎಷ್ಟೇ ಕಡುನೀಲಿ ಬಣ್ಣ ಏರಿಸಿದರೂ ಪರಿಣತರ ಕಣ್ಣಿಗೆ ಮೋಸವಾಗುವುದಿಲ್ಲ. ಅಕ್ರೋಟಿನ ಮರವನ್ನು ಮರಳುಕಾಗದದಿಂದ ಉಜ್ಜಿ ವಾರ್ನಿಶ್ ಬಳಿದರೆ ಮರ ಮತ್ತು ಕಬ್ಬಿಣ ಕೂಡುವಲ್ಲಿ ಮರ ತಗ್ಗಾಗಿ ಕಬ್ಬಿಣ ಎದ್ದು ಕಾಣುತ್ತದೆ. ಬೇಟೆಗಾರನ ಕೈ ಹಿಡಿದ ಕಡೆ ಸವೆದು ಬೂದಾದ ಉಕ್ಕು, ಕಾಲದಿಂದ ಕಪ್ಪಾದ ಮರ ಇವು ದೋಷಗಳಲ್ಲ. ಮೆತ್ತನೆಯ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಒರೆಸಿ ಬಿಟ್ಟುಬಿಡಿ.

ಬೆಲೆಯನ್ನು ಹುಡುಕುವವರು ಮಾರುವವರು ಕೇಳುತ್ತಿರುವ ಬೆಲೆಯನ್ನಲ್ಲ, ಹರಾಜಿನಲ್ಲಿ ನಿಜವಾಗಿ ಸಂದ ಬೆಲೆಯನ್ನು ನೋಡಬೇಕು. ಇಂಗ್ಲೆಂಡಿನ ಹೋಲ್ಟ್ಸ್, ಮ್ಯೂನಿಕ್ಕಿನ ಹೆರ್ಮಾನ್ ಹಿಸ್ಟೋರಿಕಾ, ಅಮೆರಿಕದ ರಾಕ್ ಐಲ್ಯಾಂಡ್ ಮುಂತಾದ ಹರಾಜು ಸಂಸ್ಥೆಗಳು ಹಳೆಯ ಮಾರಾಟಗಳ ಫಲಿತಾಂಶವನ್ನು ಪ್ರಕಟಿಸುತ್ತವೆ. ಅಲ್ಲಿಯೂ ಎಚ್ಚರ ಬೇಕು. ಸುತ್ತಿಗೆ ಬಿದ್ದ ಬೆಲೆ 1,000 ಪೌಂಡ್ ಇದ್ದು ಕೊಳ್ಳುವವರ ಮೇಲಿನ ಕಮಿಷನ್ ನೂರಕ್ಕೆ 25 ಎಂದಿಟ್ಟುಕೊಂಡರೆ ಕೊಂಡವರು 1,250 ತೆರುತ್ತಾರೆ, ಮಾರಿದವರ ಕೈಗೆ ಅವರ ಕಡೆಯ ಕಮಿಷನ್ ಕಳೆದು 1,000ಕ್ಕೂ ಕಡಿಮೆ ಬರುತ್ತದೆ. ಪ್ರಕಟವಾದ ಅಂಕಿ ಇವುಗಳಲ್ಲಿ ಯಾವುದು ಎಂದು ತಿಳಿಯದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹೋಲಿಸುವಾಗ ಮಾದರಿ, ತೋಟೆ, ಮೂಲಸ್ಥಿತಿ, ನಳಿಗೆಯ ಒಳಗು ಈ ನಾಲ್ಕೂ ಹೊಂದುವ ಮಾರಾಟಗಳನ್ನೇ ಆರಿಸಬೇಕು. ತೋಟೆ ಈಗಲೂ ಸಿಗುತ್ತದೆಯೇ ಎಂಬುದೂ ಮುಖ್ಯ: 7×57ಕ್ಕೆ ಇಂದಿಗೂ ತೋಟೆ ತಯಾರಾಗುತ್ತದೆ, 9.5×57ಕ್ಕಾಗಿ ಹುಡುಕಾಡಬೇಕು.

ಕಾಗದಪತ್ರವಿದ್ದರೆ ಲೆಕ್ಕವೇ ಬೇರೆ. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ನಂಥ ಬ್ರಿಟಿಷ್ ಕಂಪನಿಗಳು ಹಳೆಯ ಮಾರಾಟದ ಲೆಜರುಗಳನ್ನು ಉಳಿಸಿಕೊಂಡಿದ್ದು, ಸಂಖ್ಯೆ ಕೊಟ್ಟರೆ ಕೋವಿ ಯಾವಾಗ, ಯಾವ ತೋಟೆಗೆ, ಯಾರಿಗೆ ಮಾರಾಟವಾಯಿತೆಂದು ಹುಡುಕಿ ಬರೆದುಕೊಡುತ್ತವೆ. ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆಯಿದೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟರಿಗೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜೆ. ಪಿ. ಹ್ಯೂವೆಟ್ ಒಂದು .275 ರಿಗ್ಬಿ ರೈಫಲ್ ಕೊಟ್ಟರು, ಅದರ ಮರದಲ್ಲಿ ಆ ಸಂಗತಿಯನ್ನು ಕೆತ್ತಿದ ಬೆಳ್ಳಿಯ ಫಲಕವಿದೆ. 2015ರಲ್ಲಿ ರಿಗ್ಬಿ ಕಂಪನಿಯೇ ಆ ಕೋವಿಯನ್ನು ಮರಳಿ ಕೊಂಡುಕೊಂಡಿತು. ಯಂತ್ರವಾಗಿ ನೋಡಿದರೆ ಅದು ಅದೇ ಕಾಲದ ಇನ್ನೊಂದು .275ಕ್ಕಿಂತ ಬೇರೆಯಲ್ಲ, ಫಲಕ, ದಾಖಲೆ ಮತ್ತು ಕೈಯಿಂದ ಕೈಗೆ ಬಂದ ಸ್ಪಷ್ಟ ಇತಿಹಾಸದಿಂದ ಬೇರೆಯಾಯಿತು. ಬರಿಯ ಬಾಯಿಮಾತಿನ ಕಥೆಗೆ ಆ ಬಲವಿಲ್ಲ. ‘ಅಜ್ಜನಿಗೆ ದೊರೆ ಕೊಟ್ಟದ್ದು’ ಎಂಬುದು ನಿಜವೇ ಇದ್ದರೂ ಹಳೆಯ ಲೈಸೆನ್ಸ್ ಪುಸ್ತಕ, ಪತ್ರ, ಸಂಖ್ಯೆ ಬರೆದ ರಸೀದಿ ಇವುಗಳಲ್ಲಿ ಒಂದಾದರೂ ಜೊತೆಗಿರಬೇಕು.

ಯುರೋಪಿನ ಹರಾಜಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನಮ್ಮಲ್ಲಿರುವ ಕೋವಿಗೆ ಅಂಟಿಸುವುದು ಸರಿಯಲ್ಲ. ಇಲ್ಲಿ ಕೊಳ್ಳುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರಬೇಕು, 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿದೆ. ಕೊಳ್ಳುವವರ ಸಂಖ್ಯೆ ಹೀಗೆ ಚಿಕ್ಕದಾದಾಗ ಅಪರೂಪದ ಕೋವಿಗೂ ಅದಕ್ಕೆ ತಕ್ಕ ಗಿರಾಕಿ ಸಿಗದೆ ಹೋಗಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಕ್ಕುದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದಿನ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯ ಪೂಜಾಕೋಣೆಯಾದ ಕನ್ನಿಕೋಂಬರೆಯಲ್ಲಿ ಹೂವಿಟ್ಟು ಪೂಜಿಸುವ ಕೋವಿಗಳಲ್ಲಿ ಇಂಥದ್ದೊಂದು ಇದ್ದರೆ, ಅದನ್ನು ಎಣ್ಣೆ ಹಚ್ಚಲು ಬಿಚ್ಚುವ ಹೊತ್ತೇ ಅಡಿಯ ಮುದ್ರೆಗಳ ಚಿತ್ರ ತೆಗೆದಿಟ್ಟುಕೊಳ್ಳಲು ಒಳ್ಳೆಯ ಸಮಯ.

ಆ ಚಿತ್ರಗಳಲ್ಲಿ ಯುರೋಪಿನ ಯಾವ ಮುದ್ರೆಯೂ ಕಾಣದೆ ‘.315’ ಎಂದಷ್ಟೇ ಇದ್ದರೆ ಅದು ನಮ್ಮ ಆರ್ಡ್ನನ್ಸ್ ಕಾರ್ಖಾನೆಯ ರೈಫಲ್ ಇರಬಹುದು, ಬರ್ಮಿಂಗ್‌ಹ್ಯಾಮಿನ ಮುದ್ರೆ ಇದ್ದರೆ ಬಿಎಸ್‌ಎ ಕಂಪನಿಯದು. ಅವುಗಳ ಬೋಲ್ಟ್ ಬ್ರಿಟಿಷ್ ಸೇನೆಯ ಲೀ ವಿನ್ಯಾಸದ್ದು, ಮೌಸರ್ ಅಲ್ಲ. ಆದರೆ .303 ಸೇನೆಯ ತೋಟೆಯೆಂದು ಸಾರ್ವಜನಿಕರಿಗೆ ನಿಷಿದ್ಧವಾಗಿದ್ದರಿಂದ ಅವುಗಳಿಗೆ ಆರಿಸಿಕೊಂಡ .315 ತೋಟೆ ಮಾತ್ರ ಆಸ್ಟ್ರಿಯಾ-ಹಂಗೇರಿಯ ಸೇನೆಗೆಂದು ಹುಟ್ಟಿದ 8×50 ಮಾನ್ಲಿಖರ್ ತೋಟೆಯೇ. ತಾಯ್ನಾಡಿನಲ್ಲಿ ಹೆಚ್ಚುಕಡಿಮೆ ಮರೆತುಹೋದ ಆ ತೋಟೆ ಬೇರೆ ಹೆಸರಿನಲ್ಲಿ ಭಾರತದ ಕಾರ್ಖಾನೆಯಲ್ಲಿ ಬದುಕಿ ಉಳಿಯಿತು.